ಲಾಲಿ ಅಕ್ಕ ಜಗಳಕ್ಕಿಳಿದ ಮಧ್ಯಾಹ್ನ

ಬಂದರಿನ ಕಚೇರಿಯ ಮೇಲಂತಸ್ತಿನಲ್ಲಿ ಮೂರು ಕಡೆ ಗಾಜು, ನಾಲ್ಕನೇ ಕಡೆ ಬಾಗಿಲಿರುವ ಒಂದು ಕೋಣೆ. ಅಲ್ಲಿ ಮೈಕಿನ ಮುಂದೆ ಕೂತು ದೋಣಿಗಳಿಗೆ ಗಾಳಿಯ ಸುದ್ದಿ ಓದುವ ಹೆಂಗಸಿಗೆ ಕಡಲಿಗಿಳಿಯುವವರೆಲ್ಲ ಸೇರಿ ಇಟ್ಟ ಹೆಸರು ಲಾಲಿ ಅಕ್ಕ. ಪ್ರೀತಿಯಿಂದ ಇಟ್ಟದ್ದು ಎಂದು ಅವಳು ನಂಬಿದ್ದಳು. ನಂಬಿಕೆ ಅರ್ಧ ನಿಜ. ಉಳಿದರ್ಧ ಚೇಷ್ಟೆ. ಅವಳ ದನಿ ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯ. ಹಟ ಹಿಡಿದ ಕೂಸು ಮಲಗದಿದ್ದರೆ ದೋಣಿಯವರ ಮನೆಯಲ್ಲಿ ಅವಳ ಸುದ್ದಿಯ ಹೊತ್ತಿಗೆ ರೇಡಿಯೋ ಹಚ್ಚುತ್ತಾರಂತೆ. "ಬಲವಾದ ಗಾಳಿ ಅನ್ನೋದ್ರೊಳಗೆ ನಮ್ಮ ಪಾಪು ಗೊರಕೆ" ಎಂದು ಒಬ್ಬಳು ತಾಯಿ ಅವಳ ಕೈ ಹಿಡಿದು ಉಪಕಾರ ಸ್ಮರಣೆ ಮಾಡಿದ್ದೂ ಉಂಟು. ಗಾಳಿ ಬರುತ್ತಿದೆ, ಎಚ್ಚರವಾಗಿರಿ ಎಂದು ಹೇಳಲು ಸಂಬಳ ಪಡೆಯುವವಳಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೊಂದಿದೆಯೇ? ಆದರೂ ಅವಳು ಅವತ್ತು ನಕ್ಕಿದ್ದಳು. ನಗದೆ ಏನು ಮಾಡುತ್ತಾಳೆ ಪಾಪ.

ಅವಳ ತಂದೆ ಲಾಂಚು ಓಡಿಸುತ್ತಿದ್ದವರು. ಕೊಲ್ಲಿಯ ಆಚೆ ದಡದಲ್ಲಿರುವ ಊರಿಗೂ ಈ ಬಂದರಿಗೂ ಜನರನ್ನು ದಾಟಿಸುವ ಕೆಲಸ. ಇಬ್ಬರು ಹೆಣ್ಣುಮಕ್ಕಳನ್ನೂ ಚುಕ್ಕಾಣಿ ಚಕ್ರದ ಪಕ್ಕ ನಿಲ್ಲಿಸಿಕೊಂಡು ಕಲಿಸಲು ನೋಡಿದರು. ಚಿಕ್ಕವಳು ಚಕ್ರಕ್ಕೆ ಅಂಟಿಕೊಂಡಳು, ದೊಡ್ಡವಳು ಬಕೆಟ್ಟಿಗೆ. ಕಟ್ಟಿಹಾಕಿದ ದೋಣಿಯಲ್ಲಿ ಕೂತರೂ ಅವಳ ಹೊಟ್ಟೆ ತೊಳಸುತ್ತಿತ್ತು. ಹಾಗಾಗಿ ಲಾಂಚು ತಂಗಿಗೆ ಹೋಯಿತು, ಲಾಂಚು ಕಟ್ಟೆಯ ಟಿಕೆಟ್ ಕಿಟಕಿ ಅಕ್ಕನಿಗೆ ಬಂತು. ಕಿಟಕಿಯಲ್ಲಿ ಕೂತು "ಆಚೆ ದಡದ ಲಾಂಚು ಹೊರಡಲಿದೆ, ದಯವಿಟ್ಟು ನೂಕಬೇಡಿ" ಎಂದು ಅವಳು ಹೇಳುತ್ತಿದ್ದ ರೀತಿಗೆ ನೂಕುವವರೂ ಕೈಕಟ್ಟಿ ನಿಲ್ಲುತ್ತಿದ್ದರು. ಆ ದನಿ ಬಂದರು ಸಾಹೇಬರ ಕಿವಿಗೆ ಬಿತ್ತು. ಮೈಕಿನ ಕೋಣೆಗೆ ಜನ ಬೇಕಾಗಿತ್ತು. ಒಂದಿಷ್ಟು ಜನರಿಂದ ಓದಿಸಿ ನೋಡಿದರು. ಕೊನೆಗೆ ಟಿಕೆಟ್ ಕಿಟಕಿ ಮುಚ್ಚಿ ಅವಳು ಮೆಟ್ಟಿಲು ಹತ್ತಿದಳು.

ಅವಳ ಕೈಗೆ ಕೊಟ್ಟದ್ದು ಒಂದು ವಾಕ್ಯ. "ಕರಾವಳಿಯ ಕಡಲಿನಲ್ಲಿ ಬಲವಾದ ಗಾಳಿ ಬೀಸುವ ಸಾಧ್ಯತೆಯಿದ್ದು, ಎಲ್ಲ ದೋಣಿಗಳು ಸುರಕ್ಷಿತ ಸ್ಥಳದಲ್ಲಿ ಆಶ್ರಯ ಪಡೆಯತಕ್ಕದ್ದು." ಯಾವ ಗಾಳಿ, ಎತ್ತಲಿಂದ, ಎಷ್ಟು ಹೊತ್ತಿಗೆ? ಒಂದೂ ಇಲ್ಲ. ಮೊದಲು ಇದ್ದವಂತೆ. ಹಿಂದೊಮ್ಮೆ ಎಚ್ಚರಿಕೆ ಕೊಡದ ದಿನ ಒಂದು ದೋಣಿ ಮುಳುಗಿ, ಪತ್ರಿಕೆಯವರು ಪ್ರಶ್ನೆ ಕೇಳಿ, ಹವಾಮಾನದ ದೊಡ್ಡ ಕಚೇರಿಗೆ ಬೆವರು ಬಂತು. ಬೆವರಿದ ಕಚೇರಿ ಪಾಠ ಕಲಿಯಿತು. ಗಾಳಿಯನ್ನು ಸರಿಯಾಗಿ ನೋಡಬೇಕು ಎಂಬ ಪಾಠವನ್ನಲ್ಲ. ದಿನಾ ಎಚ್ಚರಿಸಿಬಿಟ್ಟರೆ ಯಾರೂ ನಮ್ಮತ್ತ ಬೆರಳು ತೋರಿಸಲಾರರು ಎಂಬ ಪಾಠವನ್ನು. ಅವತ್ತಿನಿಂದ ಎಲೆ ಅಲುಗಿದರೂ ಎಚ್ಚರಿಕೆ, ಅಲುಗದಿದ್ದರೂ ಎಚ್ಚರಿಕೆ. ದಿಕ್ಕು ಹೇಳಿದರೆ ದಿಕ್ಕು ತಪ್ಪಬಹುದು, ಹೊತ್ತು ಹೇಳಿದರೆ ಹೊತ್ತು ತಪ್ಪಬಹುದು. ಏನೂ ಹೇಳದಿದ್ದರೆ ಏನು ತಪ್ಪುತ್ತದೆ? ಕುರ್ಚಿ ಉಳಿಯುತ್ತದೆ. ದೋಣಿಯ ವಿಷಯ ಕಡಲಿಗೆ ಬಿಟ್ಟದ್ದು.

ದೋಣಿಯವರೂ ಕಡಿಮೆಯವರಲ್ಲ. ಸುದ್ದಿ ಕೇಳಿದ ದೋಣಿ ವೈರ್‌ಲೆಸ್ಸಿನಲ್ಲಿ "ಕೇಳಿತು" ಎಂದು ಮಾರುತ್ತರ ಕೊಡಬೇಕು, ಅದು ನಿಯಮ. ಬರಬರುತ್ತಾ ಆ "ಕೇಳಿತು" ಆಕಳಿಕೆಯ ಹಾಗೆ ತಾನಾಗಿ ಬಾಯಿಂದ ಬೀಳತೊಡಗಿತು. ಅಕ್ಕ "ಕರಾವಳಿಯ" ಎನ್ನುವಷ್ಟರಲ್ಲಿ ಒಬ್ಬ "ಕೇಳಿತು". "ಬಲವಾದ" ಎನ್ನುವಷ್ಟರಲ್ಲಿ ನಾಲ್ವರು "ಕೇಳಿತು". ವಾಕ್ಯ ಮುಗಿಯುವ ಹೊತ್ತಿಗೆ ಕಡಲಿನ ತುಂಬ ಕೇಳಿತುಗಳು. ಒಬ್ಬರೂ ಕೇಳಿರುತ್ತಿರಲಿಲ್ಲ.

ಇಷ್ಟು ತಿಳಿದರೆ ಆ ಮಧ್ಯಾಹ್ನ ಏನಾಯಿತು ಎಂದು ಹೇಳಬಹುದು.

ಬೆಳಗಿನಿಂದ ದಕ್ಷಿಣದ ಗಾಳಿ ಎದ್ದಿತ್ತು. ಬೆಚ್ಚನೆಯ, ಒದ್ದೆ ಗಾಳಿ. ಕಿಟಕಿಯ ಗಾಜಿಗೆ ಉಪ್ಪು ಮೆತ್ತುತ್ತಿತ್ತು. ದಕ್ಷಿಣ ಗಾಳಿಗೆ ಬಂದರಿನ ಬಾಯಿಯಲ್ಲಿ ಅಲೆಗಳು ಒಂದರ ಮೇಲೊಂದು ಹತ್ತಿ ನಿಲ್ಲುತ್ತವೆ, ಒಳಗೆ ನುಗ್ಗುವುದು ಕಷ್ಟ. ಅದಕ್ಕೇ ಅಲ್ಲಿಯವರಿಗೆ ತಲೆತಲಾಂತರದ ಒಂದು ರೂಢಿಯಿದೆ. ಬಂದರಿನ ಪಕ್ಕ ಕಡಲಿಗೆ ಮೂತಿ ಚಾಚಿಕೊಂಡ ಒಂದು ಗುಡ್ಡ. ದಕ್ಷಿಣ ಗಾಳಿ ಎದ್ದರೆ ಆ ಗುಡ್ಡದ ಉತ್ತರದ ಮಗ್ಗುಲಿಗೆ ಹೋಗಿ ಲಂಗರು ಹಾಕಿ ಕೂರುವುದು. "ಮರೆ" ಎಂದರೆ ಅದೇ ಜಾಗ. ಗೋಡೆಗೆ ಬೆನ್ನು ಕೊಟ್ಟು ಕೂತ ಹಾಗೆ. ಆಚೆ ಗಾಳಿ ಎಷ್ಟೇ ಅರಚಲಿ, ಅಲ್ಲಿ ನೀರು ತಟ್ಟೆಯಲ್ಲಿಟ್ಟಂತೆ.

ಅವತ್ತೂ ಲಾಲಿ ಅಕ್ಕ ವಾಕ್ಯ ಓದಿದಳು, ಕೇಳಿತುಗಳು ಬಂದವು, ಮೀನು ಹಿಡಿಯುವ ದೋಣಿಗಳೆಲ್ಲ ಮರೆ ಸೇರಿದವು. ತಂಗಿಯ ಲಾಂಚೂ ಅಲ್ಲೇ ಇತ್ತು. ಆಚೆ ದಡದಿಂದ ಆಸ್ಪತ್ರೆಯ ನರ್ಸುಗಳು, ಗ್ಯಾರೇಜಿನವರು, ಒಬ್ಬಳು ಬಸುರಿ, ಅವಳ ಅತ್ತೆ, ಹೀಗೆ ತುಂಬಿದ ಲಾಂಚು ಹೊರಟು, ಬಂದರಿನ ಬಾಯಿ ನೋಡಿ ಬೇಡವೆಂದು ಮರೆಗೆ ತಿರುಗಿತ್ತು. ಗಾಳಿ ಇಳಿದ ಮೇಲೆ ಬರುತ್ತೇನೆ ಎಂದು ತಂಗಿ ಹೇಳಿದ್ದಳು. ಎಲ್ಲ ಎಂದಿನಂತೆ. ಅಕ್ಕ ಊಟದ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದಳು.

ಫೋನು ಹೊಡೆದುಕೊಂಡಿತು.

ಆ ಕಡೆ ಮೋಡದ ಮೇಡಂ. ನಗರದ ಹವಾಮಾನ ಕಚೇರಿಯಲ್ಲಿ ನಕ್ಷೆಗಳ ಮುಂದೆ ಕೂರುವ ಹುಡುಗಿ, ಓದಿಕೊಂಡವಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ದಿನಾ ಬೆಳಿಗ್ಗೆ ಅದೇ ವಾಕ್ಯವನ್ನು ಮೇಡಂ ಹೇಳಬೇಕು, ಅಕ್ಕ ಬರೆದುಕೊಳ್ಳಬೇಕು. ಅದರಾಚೆ "ಚಹಾ ಆಯ್ತಾ" ಎನ್ನುವಷ್ಟು ಸ್ನೇಹ.

"ಅಕ್ಕಾ, ಪೆನ್ನು ತಗೋಬೇಡಿ. ಇದು ಬರೆಸೋ ಸುದ್ದಿ ಅಲ್ಲ. ದೂರದ ದೀಪದ ಗೋಪುರದ ಹತ್ರ ಗಾಳಿ ತಿರುಗಿಬಿಟ್ಟಿದೆ!"

"ತಿರುಗಿದೆ ಅಂದ್ರೆ?"

"ದಕ್ಷಿಣದಿಂದ ಬೀಸ್ತಿದ್ದದ್ದು ಒಂದೇ ಉಸಿರಿಗೆ ವಾಯವ್ಯಕ್ಕೆ ತಿರುಗಿದೆ. ಬೆಳಗಿನ ಗಾಳಿಯ ಎರಡರಷ್ಟು ಜೋರು. ನೋಡಿ, ಈಗ ನಿಮ್ಮ ಮೇಲಿರೋದು ಬೆಚ್ಚನೆ ಗಾಳಿ. ಅದರ ಕೆಳಗೆ ತಣ್ಣನೆ ಗಾಳಿ ಬೆಣೆ ಹೊಡೆದ ಹಾಗೆ ನುಗ್ತಾ ಇದೆ. ಅವೆರಡೂ ಸೇರೋ ಅಂಚು ನಿಮ್ಮ ಕಡೆಗೇ ಓಡಿ ಬರ್ತಿದೆ. ಅದು ಬರೋಕೆ ಮುಂಚೆ ಗಾಳಿ ಪೂರ್ತಿ ಬಿದ್ದುಹೋಗಬಹುದು. ಎಲ್ಲರೂ ಮುಗೀತು ಅಂದ್ಕೋತಾರೆ. ಅಂಚು ದಾಟಿದ ಕೂಡಲೇ ಬೇರೆ ದಿಕ್ಕಿಂದ ಬಾರಿಸುತ್ತೆ. ದೋಣಿಗಳೆಲ್ಲ ಎಲ್ಲಿವೆ?"

"ಗುಡ್ಡದ ಮರೆಯಲ್ಲಿ. ನಾನೇ ಕಳಿಸಿದ್ದು."

ಆ ಕಡೆ ಕಾಗದ ಸರಿದ ಸದ್ದು. "ಅಕ್ಕಾ... ಆ ಮರೆ ಯಾವ ದಿಕ್ಕಿಗೆ ತೆರೆದಿದೆ?"

ಅಕ್ಕನಿಗೆ ನಕ್ಷೆ ಬೇಕಾಗಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ.

"ವಾಯವ್ಯಕ್ಕೆ" ಎಂದಳು. ಡಬ್ಬಿಯ ಮುಚ್ಚಳ ಕೈಯಿಂದ ಜಾರಿ ನೆಲದ ಮೇಲೆ ಗಿರಗಿರ ತಿರುಗಿತು.

ಬೆನ್ನು ಕೊಟ್ಟ ಗೋಡೆಯೇ ಬಡಿಯುವ ಕಲ್ಲಾಗಲಿತ್ತು. ಲಾಂಚು, ದೋಣಿ, ನರ್ಸು, ಬಸುರಿ, ತಂಗಿ, ಎಲ್ಲರನ್ನೂ ಗಾಳಿ ಎತ್ತಿ ಅದೇ ಗುಡ್ಡದ ಬುಡಕ್ಕೆ ಒಗೆಯಲಿತ್ತು.

"ಎಷ್ಟು ಹೊತ್ತಿದೆ?"

"ಅರ್ಧ ಗಂಟೆ. ಮುಕ್ಕಾಲು ಅಂದ್ಕೊಳ್ಳೋಣ, ಆದ್ರೆ ನಂಬಬೇಡಿ. ಮೇಲಿನವರಿಗೆ ಹೇಳಿದ್ದೀನಿ. ದಿಕ್ಕು ಬದಲಾಗುತ್ತೆ ಅನ್ನೋ ಸಾಲು ಸೇರಿಸೋಕೆ ನಿರ್ದೇಶಕರ ಒಪ್ಪಿಗೆ ಬೇಕಂತೆ. ನಿರ್ದೇಶಕರು ಸಭೆಯಲ್ಲಿದ್ದಾರೆ."

ಸಭೆ! ಗಾಳಿಗೆ ಸಭೆ ಇಲ್ಲ, ಕೋರಂ ಇಲ್ಲ, ಅದು ಯಾರ ಒಪ್ಪಿಗೆಗೂ ಕಾಯುವುದಿಲ್ಲ. ಆದರೆ ನಮ್ಮಲ್ಲಿ ಮನುಷ್ಯ ಮುಳುಗುವುದಕ್ಕೂ ಮೇಲಿನವರ ಸಹಿ ಬೇಕು ಎಂಬಂತೆ ಕಚೇರಿಗಳು ನಡೆಯುತ್ತವೆ.

ಅಕ್ಕ ಫೋನನ್ನು ಇಡದೆ ಮೇಜಿನ ಮೇಲೆ ಮಲಗಿಸಿ ಬಂದರು ಸಾಹೇಬರನ್ನು ಕೂಗಿದಳು. ಅವರು ಕನ್ನಡಕ ಒರೆಸಿಕೊಳ್ಳುತ್ತಾ ಬಂದರು. ನಿವೃತ್ತಿ ಹತ್ತಿರವಿದ್ದ, ಮೆಟ್ಟಿಲಿಗೂ ಸದ್ದಾಗದಂತೆ ನಡೆಯುವ ಮನುಷ್ಯ. ಎಲ್ಲ ಕೇಳಿ ಅವರ ಮುಖ ಗೋಡೆಯ ಸುಣ್ಣದ ಹಾಗಾಯಿತು.

"ಬರೆದು ಬಂದದ್ದನ್ನ ಓದಬೇಕು ಕಣಮ್ಮಾ. ಬರೆದು ಬರದೇ ಇದ್ದದ್ದನ್ನ ಓದೋ ಹಾಗಿಲ್ಲ. ಆಮೇಲೆ ನೋಡು, ಮರೆಯಲ್ಲಿ ಬೆಚ್ಚಗೆ ಕೂತೋರನ್ನ ಬಯಲಿಗೆ ಕರೀತೀಯ. ಗುಡ್ಡದ ಮೂತಿ ಸುತ್ತಿ ಬರಬೇಕು. ಗಾಳಿ ತಿರುಗದೆ ಹೋದ್ರೆ? ದಕ್ಷಿಣದ್ದೇ ಮತ್ತೆ ಎದ್ರೆ? ಮುಳುಗಿಸಿದ್ದು ಯಾರು? ನೀನು."

ಅದು ಸುಳ್ಳಲ್ಲ. ಕಚೇರಿಯ ಭಯದ ಒಳಗೆ ಒಂದು ನಿಜದ ಭಯವೂ ಕೂತಿತ್ತು. ಅಕ್ಕ ಕಿಟಕಿಗೆ ಹೋದಳು. ತಾರಸಿಯ ಮೇಲಿನ ಬಾವುಟ ಬೆಳಗಿನಿಂದ ಕಂಬ ಕಿತ್ತುಕೊಂಡು ಹೋಗುವಂತೆ ಬಡಿದಾಡುತ್ತಿತ್ತು. ಈಗ ಅದರ ಒಂದು ಮೂಲೆ ಜೋತುಬಿದ್ದಿತ್ತು. ಅವಳು ನೋಡನೋಡುತ್ತಿದ್ದಂತೆ ಇನ್ನೊಂದು ಮೂಲೆಯೂ ಇಳಿಯಿತು. ಗಾಳಿ ಬೀಳುತ್ತಿತ್ತು.

"ಮೇಡಂ ಹೇಳಿದ ಹಾಗೇ ಆಗ್ತಿದೆ ಸಾಹೇಬ್ರೇ."

ಸಾಹೇಬರು ಬಾವುಟ ನೋಡಿದರು, ಮೈಕು ನೋಡಿದರು, ಬಾಗಿಲು ನೋಡಿದರು. "ನಾನು ಚಹಾ ಕುಡಿದು ಬರ್ತೀನಿ" ಎಂದರು. "ನಾನಿಲ್ಲದಾಗ ಇಲ್ಲಿ ಏನಾಯ್ತೋ ನನಗೆ ಗೊತ್ತಿಲ್ಲ." ಹೊರಟೇಬಿಟ್ಟರು. ಹೇಡಿತನವೂ ಕೆಲವೊಮ್ಮೆ ದಾರಿ ಬಿಟ್ಟುಕೊಟ್ಟು ಉಪಕಾರ ಮಾಡುತ್ತದೆ.

ಅಕ್ಕ ಮೈಕಿನ ಗುಂಡಿ ಒತ್ತಿದಳು. ಬಾಯಿ ತೆರೆದದ್ದೇ ತಡ, ಇಷ್ಟು ವರ್ಷಗಳ ಅಭ್ಯಾಸ, ಅದೇ ಬೆಣ್ಣೆ ದನಿ ಹೊರಬಂತು: "ಎಲ್ಲ ದೋಣಿಗಳ ಗಮನಕ್ಕೆ. ಗಾಳಿಯ ದಿಕ್ಕು ಬದಲಾಗಲಿದ್ದು, ಮರೆಯಲ್ಲಿರುವ ದೋಣಿಗಳು ಕೂಡಲೇ ಬಂದರಿಗೆ..."

"ಕೇಳಿತು."

"ಕೇಳಿತು."

"ಕೇಳಿತು ಲಾಲಿ ಅಕ್ಕಾ."

ಒಬ್ಬನ ಕೇಳಿತುವಿನ ಹಿಂದೆ ತಟ್ಟೆಯ ಸದ್ದು. ಇನ್ನೊಬ್ಬನ ಹಿಂದೆ ಯಾರೋ ಇಸ್ಪೀಟು ಬಡಿದ ಸದ್ದು. ಒಂದು ಇಂಜಿನ್ನೂ ಕೆಮ್ಮಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಅಕ್ಕನಿಗೆ ಅನುಮಾನ ಬಂತು, ಅನುಮಾನದ ಹಿಂದೆಯೇ ಸಿಟ್ಟೂ ಬಂತು. ಮತ್ತೆ ಗುಂಡಿ ಒತ್ತಿ, ಅದೇ ನಯದಲ್ಲಿ, ಒಂದಕ್ಷರ ಏರಿಳಿಯದೆ ಓದಿದಳು:

"ಎಲ್ಲ ದೋಣಿಗಳ ಗಮನಕ್ಕೆ. ಇಂದು ಮಧ್ಯಾಹ್ನದಿಂದ ಕಡಲಿಗೆ ರಜೆ ಘೋಷಿಸಲಾಗಿದ್ದು, ಮೀನುಗಳು ಸಾಲಾಗಿ ಬಂದು ಕಚೇರಿಯಲ್ಲಿ ಹಾಜರಿ ಹಾಕತಕ್ಕದ್ದು. ತಿಮಿಂಗಿಲಗಳು ಛತ್ರಿ ತರತಕ್ಕದ್ದು."

"ಕೇಳಿತು."

"ಕೇಳಿತು ಅಕ್ಕಾ."

"ಕೇಳಿತು, ಕೇಳಿತು."

ಛತ್ರಿ ಯಾಕೆ ಎಂದು ಒಬ್ಬನೂ ಕೇಳಲಿಲ್ಲ! ಮೇಜಿನ ಮೇಲೆ ಮಲಗಿದ್ದ ಫೋನಿನೊಳಗಿಂದ ಮೋಡದ ಮೇಡಂ "ಅಯ್ಯೋ ದೇವರೇ" ಎಂದದ್ದು ಸಣ್ಣಗೆ ಕೇಳಿಸಿತು.

ಅಕ್ಕನ ಮೈಯ ರಕ್ತವೆಲ್ಲ ಕಿವಿಗೇರಿತು. ಇವರನ್ನು ಮಲಗಿಸಿದವರು ಯಾರು? ಒಂದೇ ಮಾತನ್ನು ದಿನಾ ಉಣಿಸಿ ಉಣಿಸಿ ಕಿವಿಗೆ ಜಡ್ಡು ಕಟ್ಟಿಸಿದವರು ಯಾರು? ಅದನ್ನು ಯೋಚಿಸುವ ಹೊತ್ತು ಅದಾಗಿರಲಿಲ್ಲ. ಅವಳು ಎದ್ದು ನಿಂತಳು. ಮೈಕನ್ನು ಕುತ್ತಿಗೆ ಹಿಡಿದಂತೆ ಹಿಡಿದಳು.

"ಲೇ ಲಾಂಚಿನವಳೇ! ಎತ್ತೇ ಮೈಕು!"

ಸ್ಪೀಕರು ಕರಕರ ಅಂದಿತು. ಆಮೇಲೆ ತಂಗಿಯ ದನಿ: "ಅಕ್ಕಾ? ಇದೇನಿದು, ಸುದ್ದಿ ಒಳಗೆ 'ಲೇ' ಅಂತ ಸೇರಿಸಿದ್ದಾರಾ ಮೇಲಿನವರು?"

"ಲಂಗರು ಎತ್ತು. ಇಂಜಿನ್ ಹಾಕು. ಅಲ್ಲಿಂದ ಹೊರಡು ಮೊದಲು."

"ಬೆಳಿಗ್ಗೆ ಒಳಗೆ ಹೋಗು ಅಂದೆ. ಈಗ ಹೊರಗೆ ಬಾ ಅಂತೀಯ. ನಾನೇನು ನಿನ್ನ ಗಂಡನಾ, ಕೂರು ಅಂದ್ರೆ ಕೂತ್ಕೊಂಡು ಏಳು ಅಂದ್ರೆ ಏಳೋಕೆ?"

ಯಾವುದೋ ದೋಣಿಯಿಂದ ಒಂದು ನಗು ಸಿಡಿಯಿತು. ಆ ನಗು ಕೇಳಿ ಅಕ್ಕನ ಎದೆ ಧಸಕ್ಕೆಂದಿತು, ಸಂತೋಷದಿಂದ. ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ!

"ನನ್ನ ಗಂಡನಿಗಿರೋ ಬುದ್ಧಿಯಲ್ಲಿ ಕಾಲುಭಾಗ ನಿನಗಿದ್ದಿದ್ರೆ ಸಾಕಿತ್ತು ಕಣೇ."

"ಭಾವನಿಗೆ ಬುದ್ಧಿ ಇದ್ದಿದ್ರೆ ಅಮ್ಮನ ಹೊಲಿಗೆ ಮಿಷಿನ್ನು ಇಷ್ಟು ಹೊತ್ತಿಗೆ ನನ್ನ ಮನೆಯಲ್ಲಿರ್ತಿತ್ತು! ಅದರಲ್ಲಿ ತಾಡಪಾಲು ಹೊಲೀತಾರಂತೆ ತಾಡಪಾಲು!"

"ಹೇ, ಸೌಂಡು ಏರಿಸೋ," ಒಂದು ದೋಣಿಯವನು ಇನ್ನೊಂದು ದೋಣಿಗೆ ವೈರ್‌ಲೆಸ್ಸಿನಲ್ಲೇ ಕೂಗಿದ. "ಅಕ್ಕತಂಗೀರು ಹತ್ಕೊಂಡಿದ್ದಾರೆ!"

ಇಸ್ಪೀಟು ನಿಂತಿತು. ತಟ್ಟೆಗಳು ನಿಂತವು. ಎಚ್ಚರಿಕೆಗೆ ಏಳದ ಕಿವಿಗಳೆಲ್ಲ ಜಗಳಕ್ಕೆ ನೆಟ್ಟಗಾದವು. ಮನುಷ್ಯನ ಜಾತಿಯೇ ಹಾಗೆ. ಊರು ಸುಡುತ್ತಿದೆ ಎಂದರೆ ಹೊರಳಿ ಮಲಗುತ್ತಾನೆ, ಪಕ್ಕದ ಮನೆಯಲ್ಲಿ ಪಾತ್ರೆ ಎಸೆದರೆ ಚಪ್ಪಲಿ ಮೆಟ್ಟದೆ ಓಡುತ್ತಾನೆ. ಅಕ್ಕನಿಗೆ ದಾರಿ ಸಿಕ್ಕಿತು. ಇನ್ನು ಬಿಡುವವಳೇ?

"ಮಿಷಿನ್ನು ಬೇಕಾ? ಇವತ್ತೇ ತಗೋ! ತಲೆ ಮೇಲೆ ಹೊತ್ಕೊಂಡು ಹೋಗು! ಆದ್ರೆ ಹೊತ್ಕೊಂಡು ಹೋಗೋಕೆ ನೀನು ಬದುಕಿರಬೇಕಲ್ಲೇ, ಪೆದ್ದೀ! ಗಾಳಿ ಬಿದ್ದಿದೆ, ನೋಡಿದ್ಯಾ? ನೋಡಿ ಏನಂದ್ಕೊಂಡೆ? ಮುಗೀತು ಅಂತ ತಾನೇ? ಮುಗಿದಿಲ್ಲ. ತಿರುಗ್ತಾ ಇದೆ. ದೀಪದ ಗೋಪುರದ ಹತ್ರ ಆಗಲೇ ತಿರುಗಿದೆ. ವಾಯವ್ಯದಿಂದ ಬರ್ತಿದೆ. ಈಗ ನಿನ್ನ ಮುಂದೆ ಏನಿದೆ ಹೇಳು?"

"ಬಯಲು ಕಡಲು."

"ಯಾವ ದಿಕ್ಕು?"

ಯಾರೂ ನಗಲಿಲ್ಲ. ಗುಡ್ಡಕ್ಕೆ ಬೆನ್ನು ಮಾಡಿ ಕೂತಿದ್ದ ಅಷ್ಟೂ ದೋಣಿಗಳು ಒಮ್ಮೆಗೇ ಎದುರಿಗೆ ನೋಡಿರಬೇಕು.

"ಅಕ್ಕಾ," ತಂಗಿಯ ದನಿ ಈಗ ಬೇರೆಯಾಗಿತ್ತು, "ನನ್ನ ಹತ್ರ ಜನ ಇದ್ದಾರೆ. ಬಸುರಿ ಹೆಂಗಸಿದ್ದಾಳೆ. ಮೂತಿ ದಾಟೋವಾಗ ದಕ್ಷಿಣದ್ದು ಮತ್ತೆ ಎದ್ರೆ ಲಾಂಚು ಮಗುಚುತ್ತೆ. ನೀನು ಒಂದು ದಿನಾನೂ ಕಡಲಿಗಿಳಿದವಳಲ್ಲ. ಯಾವ ಧೈರ್ಯದ ಮೇಲೆ ಹೇಳ್ತೀಯ?"

"ನನಗೆ ಗೊತ್ತಿಲ್ಲ ಕಣೇ. ಗೊತ್ತಿರೋರನ್ನ ಕೊಡ್ತೀನಿ, ತಡಿ."

ಮೇಜಿನ ಮೇಲಿದ್ದ ಫೋನನ್ನು ಎತ್ತಿ ಮೈಕಿಗೆ ಮುಖಾಮುಖಿ ಹಿಡಿದಳು. ಹವಾಮಾನ ಕಚೇರಿಯವರು ದೋಣಿಯವರ ಜೊತೆ ನೇರ ಮಾತಾಡಕೂಡದು ಎಂಬುದು ನಿಯಮ. ಎಷ್ಟನೆಯ ನಿಯಮವೋ, ಮುರಿದದ್ದಾಯಿತು.

"ಮೇಡಂ, ಮಾತಾಡಿ. ಕಡಲಿಗೆ ಕೇಳಿಸ್ತಿದೆ."

ಮೋಡದ ಮೇಡಂ ಗಂಟಲು ಸರಿಮಾಡಿಕೊಂಡಳು. "ವಾಯವ್ಯ ದಿಕ್ಕಿನಿಂದ ಬೀಸಲಿರುವ ಗಾಳಿಯ ವೇಗವು..."

"ಮೇಡಂ, ಮನುಷ್ಯರ ಮಾತಲ್ಲಿ ಹೇಳಿ," ತಂಗಿ ತಡೆದಳು.

"ನೀವು ಒರಗಿ ಕೂತಿರೋ ಗುಡ್ಡಕ್ಕೇ ಗಾಳಿ ನಿಮ್ಮನ್ನ ಬಡಿಯುತ್ತೆ. ಅದೇ ಗುಡ್ಡದ ಆಚೆ ಮಗ್ಗುಲಲ್ಲಿ ಬಂದರಿದೆಯಲ್ಲ, ತಿರುಗಿದ ಗಾಳಿಗೆ ಅದೇ ಮರೆ ಆಗುತ್ತೆ. ಈಗ ಗಾಳಿ ಬಿದ್ದಿದೆ, ಬಂದರಿನ ಬಾಯಲ್ಲಿ ಅಲೆ ಇಳಿದಿರುತ್ತೆ. ಸಿಕ್ಕಿರೋದು ಇದೊಂದೇ ಸಂದು."

"ಖಂಡಿತನಾ?"

"ಖಂಡಿತ ಅನ್ನೋ ಅಧಿಕಾರ ನನಗಿಲ್ಲ."

"ಅಧಿಕಾರ ಯಾರು ಕೇಳಿದ್ರು? ನಿಮ್ಮ ತಂಗಿ ಇಲ್ಲಿ ಕೂತಿದ್ರೆ ಏನಂತಿದ್ರಿ?"

ಮೇಡಂ ಉಸಿರು ಎಳೆದುಕೊಂಡದ್ದು ಕಡಲಿಗೆಲ್ಲ ಕೇಳಿಸಿತು.

"ಓಡು ಅಂತಿದ್ದೆ!"

ಲಾಂಚಿನ ಇಂಜಿನ್ ಗುಡುಗಿತು. ಅದರ ಹಿಂದೆ ಇನ್ನೊಂದು. ಮತ್ತೊಂದು. ಮೈಕಿನ ಕೋಣೆಯ ಸ್ಪೀಕರಿನಲ್ಲಿ ಇಂಜಿನ್ನುಗಳು ಜೇನುಹುಳದಂತೆ ಮೊರೆದವು. ಅಕ್ಕ ಗಾಜಿಗೆ ಹಣೆ ಒತ್ತಿ ಗುಡ್ಡದ ಮೂತಿಯನ್ನೇ ನೋಡುತ್ತಾ ನಿಂತಳು. ಕಡಲು ಎಣ್ಣೆ ಸುರಿದಂತೆ ಮಲಗಿತ್ತು. ಬಾವುಟ ಕಂಬಕ್ಕೆ ಸುತ್ತಿಕೊಂಡಿತ್ತು. ದೂರದಲ್ಲಿ, ಆಕಾಶದ ಅಂಚಿನಲ್ಲಿ, ಈ ತುದಿಯಿಂದ ಆ ತುದಿಯವರೆಗೆ ಸೀಸದ ಬಣ್ಣದ ಒಂದು ಸುರುಳಿ, ಯಾರೋ ಚಾಪೆ ಸುತ್ತಿಕೊಂಡು ಬರುತ್ತಿರುವಂತೆ.

"ಎಲ್ಲರೂ ಎತ್ತಿದ್ರಾ ಲಂಗರು?"

"ಮೊಂಡ ಮಾವ ಎತ್ತಿಲ್ಲ" ಎಂದ ಒಬ್ಬ.

ಮೊಂಡ ಮಾವ ಆ ಬಂದರಿನ ಹಿರಿಯ. ಹೆಸರಿಗೆ ತಕ್ಕ ಮನುಷ್ಯ. "ನಮ್ಮಪ್ಪ ಈ ಮರೆಯಲ್ಲೇ ಬದುಕಿದ, ಅವನಪ್ಪ ಇಲ್ಲೇ ಬದುಕಿದ" ಎಂದ ಮಾವ. "ಮೊನ್ನೆ ಮೊನ್ನೆ ಟಿಕೆಟ್ ಹರೀತಿದ್ದವಳ ಮಾತು ಕೇಳಿ ಓಡಬೇಕಾ ನಾನು?"

ಅಷ್ಟರಲ್ಲಿ ಸಾಹೇಬರು ಒಳಗೆ ಬಂದರು. ಚಹಾದ ಲೋಟ ಕೈಯಲ್ಲೇ ಇತ್ತು, ಒಂದು ಗುಟುಕೂ ಕುಡಿದಿರಲಿಲ್ಲ. ಮೆಟ್ಟಿಲ ಮೇಲೆ ನಿಂತು ಎಲ್ಲ ಕೇಳಿದ್ದರು. ಮೈಕಿಗೆ ಬಗ್ಗಿ, "ಮಾವಾ, ನಾನು ಬಂದರು ಸಾಹೇಬ ಮಾತಾಡ್ತಿರೋದು. ಇದು ಆದೇಶ!" ಎಂದರು. ಜೀವಮಾನದಲ್ಲಿ ಅವರು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು.

"ಹೆಂಗಸರ ಜಗಳದಲ್ಲಿ ನೀವ್ಯಾಕೆ ಬಂದ್ರಿ ಸಾಹೇಬ್ರೇ" ಎಂದಿತು ಸ್ಪೀಕರು.

ಸಾಹೇಬರು ಲೋಟ ಕೆಳಗಿಟ್ಟು ತಲೆಗೆ ಕೈ ಹೊತ್ತರು. ಆಗ ತಂಗಿಯ ದನಿ ಕೇಳಿಸಿತು. ಅಷ್ಟು ಮೆದುವಾಗಿ ಅವಳು ಮಾತಾಡಿದ್ದನ್ನು ಅಕ್ಕ ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ಮಾವಾ, ಅವರನ್ನ ಬಿಡಿ. ನನಗೊಂದು ಸಹಾಯ ಮಾಡ್ತೀರಾ? ಮೂತಿ ಹತ್ರ ನೀರೊಳಗಿನ ಬಂಡೆ ಇದೆಯಲ್ಲ, ಈ ಬೆಳಕಲ್ಲಿ ನನಗೆ ಸರಿಯಾಗಿ ಕಾಣಿಸ್ತಿಲ್ಲ. ಜನ ತುಂಬಿದ ಲಾಂಚು. ನೀವು ಮುಂದೆ ಹೋಗಿ ದಾರಿ ತೋರಿಸಿದ್ರೆ..."

"ಇಷ್ಟು ವರ್ಷ ಲಾಂಚು ಓಡಿಸಿ ಬಂಡೆ ಗೊತ್ತಿಲ್ವಾ ನಿನಗೆ!" ಮಾವ ಗುಡುಗಿದ. "ನಿಮ್ಮಪ್ಪ ಏನು ಕಲಿಸಿದ ನಿನಗೆ? ಅಲ್ಲೇ ಇರು, ಬಂದೆ. ನನ್ನ ಹಿಂದೆ ಬಾ. ಆ ಕಡೆ ಈ ಕಡೆ ಅಲ್ಲಾಡಿದ್ಯೋ ಜೋಕೆ!"

ಅಪ್ಪಣೆಗೆ ಬಗ್ಗದವನು ಕೋರಿಕೆಗೆ ಬಗ್ಗಿದ. ಆ ಬಂಡೆಯ ಒಂದೊಂದು ಮೂಲೆಯೂ ತಂಗಿಗೆ ತನ್ನ ಹಲ್ಲಿನಷ್ಟೇ ಗೊತ್ತಿತ್ತು.

ಗುಡ್ಡದ ಮೂತಿಯಲ್ಲಿ ಮೊದಲ ದೋಣಿ ಕಾಣಿಸಿತು. ಎರಡನೆಯದು. ಆಮೇಲೆ ಸಾಲು. ಮೊಂಡ ಮಾವನ ಹಳೆಯ ದೋಣಿ ಎದೆ ಉಬ್ಬಿಸಿಕೊಂಡು ಬಂತು, ಅದರ ಹಿಂದೆ ಲಾಂಚು. ಬಂದರಿನ ಬಾಯಿ ಕಿರಿದು, ಒಂದೊಂದಾಗಿಯೇ ನುಗ್ಗಬೇಕು. ಬಾಯಿಯ ಹತ್ತಿರ ಬಂದ ತಂಗಿ ಲಾಂಚನ್ನು ಪಕ್ಕಕ್ಕೆ ತೆಗೆದು, ಸಣ್ಣ ದೋಣಿಗಳಿಗೆ ದಾರಿ ಬಿಟ್ಟು ನಿಂತಳು.

"ಬಾರೇ ಒಳಗೆ!" ಅಕ್ಕ ಕೂಗಿದಳು.

"ಇವರು ಹೋಗ್ಲಿ. ಇವರದ್ದು ಹಗುರ ದೋಣಿ, ಹಾರಿಹೋಗ್ತಾರೆ."

"ನೀನು ಬಾ ಅಂದ್ರೆ!"

"ಇರೇ, ಒಂದು ನಿಮಿಷ ಸುಮ್ನಿರೇ!"

ಬಾವುಟ ಅಲುಗಿತು. ಅಕ್ಕನ ಕಣ್ಣೆದುರೇ ಅದು ಕಂಬದಿಂದ ಬಿಚ್ಚಿಕೊಂಡು, ಯಾವ ಕಡೆಗೆ ಎಂದು ತಿಳಿಯದವರಂತೆ ಒಮ್ಮೆ ತಡವರಿಸಿ, ಫಟ್ಟೆಂದು ಬೆಳಗಿನದಕ್ಕೆ ಹೆಚ್ಚುಕಡಿಮೆ ಎದುರು ದಿಕ್ಕಿಗೆ ಸಿಡಿಯಿತು. ಕೋಣೆಯ ಗಾಜುಗಳು ಗದಗುಟ್ಟಿದವು. ಬೆವರಿದ ಕುತ್ತಿಗೆಗೆ ತಣ್ಣನೆಯ ಕೈಯಿಟ್ಟಂತೆ ಚಳಿ ನುಗ್ಗಿತು. ಸಾಹೇಬರ ಕಾಗದಗಳು ಪಾರಿವಾಳಗಳಂತೆ ಎದ್ದವು. ಗುಡ್ಡದ ಆಚೆಯಿಂದ ರೈಲು ಬರುವಂಥ ಸದ್ದು.

ಕೊನೆಯ ಸಣ್ಣ ದೋಣಿ ಒಳಗೆ ಸರಿಯಿತು. ಲಾಂಚು ಮೂತಿ ತಿರುಗಿಸಿತು. ಗುಡ್ಡದ ನೆತ್ತಿ ಹಾರಿ ಬಂದ ಗಾಳಿಯ ಬಾಲ ಅದಕ್ಕೆ ತಾಗಿ, ಮೇಲಿನ ತಾಡಪಾಲಿನ ಛಾವಣಿಯನ್ನು ಕಿತ್ತು ಬಾನಿಗೆಸೆಯಿತು. ಲಾಂಚು ಒಂದು ಮಗ್ಗುಲಿಗೆ ವಾಲಿತು. ಒಳಗಿನವರ ಚೀತ್ಕಾರ ಮೇಲಂತಸ್ತಿಗೂ ಮುಟ್ಟಿತು. ಅಕ್ಕ ಏನು ಕೂಗಿದಳೋ ಅವಳಿಗೇ ಗೊತ್ತಿಲ್ಲ. ವಾಲಿದ ಲಾಂಚು ಎದ್ದಿತು. ಬಂದರಿನ ಗೋಡೆಯನ್ನು ಉಜ್ಜುವಷ್ಟು ಹತ್ತಿರದಿಂದ ಒಳಗೆ ಜಾರಿತು. ಅಲ್ಲಿ, ಗುಡ್ಡದ ಈಚೆ ಮಗ್ಗುಲಲ್ಲಿ, ನೀರು ತಟ್ಟೆಯಲ್ಲಿಟ್ಟಂತೆ.

ಬಸುರಿಯನ್ನು ನರ್ಸುಗಳು ಇಳಿಸಿಕೊಂಡರು. ಅವಳ ಅತ್ತೆ ಕಟ್ಟೆಯ ಮೇಲೆ ಕೂತು ಗಾಳಿಗೂ ಕಡಲಿಗೂ ಲಾಂಚಿನವಳಿಗೂ ಸಮನಾಗಿ ಬೈಗುಳ ಹಂಚಿದಳು. ದೋಣಿಯವರಲ್ಲಿ ಅರ್ಧ ಜನ ಗುಡ್ಡದ ನೆತ್ತಿಗೆ ಓಡಿದರು, ಅರ್ಧ ಜನ ಕಚೇರಿಯ ಮೆಟ್ಟಿಲಿಗೆ.

ತಂಗಿ ಎಲ್ಲರಿಗಿಂತ ಮೊದಲು ಮೇಲೆ ಬಂದಳು. ತಲೆಯಿಂದ ನೀರು ಸೋರುತ್ತಿತ್ತು. ಅಕ್ಕತಂಗಿಯರು ತಬ್ಬಿಕೊಂಡು ಅತ್ತರು ಎಂದು ಬರೆದರೆ ಓದುವವರಿಗೆ ಖುಷಿಯಾದೀತು; ಹಾಗಾಗಲಿಲ್ಲ. ತಂಗಿ ಸಾಹೇಬರ ತಣ್ಣಗಾದ ಚಹಾವನ್ನು ಎತ್ತಿ ಗಟಗಟ ಕುಡಿದು, "ಅಷ್ಟು ಜನರ ಎದುರಿಗೆ ಪೆದ್ದಿ ಅಂದ್ಯಲ್ಲ ನನ್ನ" ಎಂದಳು.

"ಅಂದೆ. ಏನೀಗ?"

"ಏನಿಲ್ಲ. ಫೋನು ಕೊಡು."

ಫೋನಿನ ಆ ಕಡೆ ಮೇಡಂ ಇನ್ನೂ ಇದ್ದಳು. ಇಂಜಿನ್ನುಗಳು ಮೊರೆದದ್ದು, ಗಾಜು ಗದಗುಟ್ಟಿದ್ದು, ಕಿರುಚಾಟ, ಎಲ್ಲ ಅವಳಿಗೆ ಕೇಳಿತ್ತು. ಏನೂ ಕಂಡಿರಲಿಲ್ಲ.

"ಮೇಡಂ, ಲಾಂಚಿನವಳು. ಬಂದ್ವಿ."

"ಎಷ್ಟು ಜನ... ಯಾರಾದ್ರೂ..."

"ಎಲ್ಲರೂ."

ಆ ಕಡೆಯಿಂದ ಮೂಗು ಎಳೆದ ಸದ್ದು ಮಾತ್ರ.

"ಅಳಬೇಡಿ ಮೇಡಂ. ಗಾಳಿ ಹೇಗೆ ತಿರುಗ್ತು ಹೇಳ್ತೀನಿ, ಕೇಳಿ. ಮೊದಲು ವಾಸನೆ ಬದಲಾಯ್ತು. ಉಪ್ಪಿನ ವಾಸನೆ ಹೋಗಿ ಒದ್ದೆ ಕಲ್ಲಿನ ವಾಸನೆ..."

ಅಷ್ಟರಲ್ಲಿ ಗುಡ್ಡಕ್ಕೆ ಓಡಿದವರು ಏದುಸಿರು ಬಿಡುತ್ತಾ ಬಂದರು. ಮೊಂಡ ಮಾವ ಎಲ್ಲರನ್ನೂ ಮೊಣಕೈಯಿಂದ ಸರಿಸಿ ಮುಂದೆ ಬಂದ. ಮರೆಯಲ್ಲಿ ಅವನು ಬಿಟ್ಟುಬಂದ ಬಲೆಯ ಬೆಂಡುಗಳು ಬಂಡೆಯ ಮೇಲೆ ನುಚ್ಚುನೂರಾಗಿದ್ದವಂತೆ. ಅವನ ದೋಣಿ ನಿಂತಿದ್ದ ಜಾಗದಲ್ಲಿ ಅಲೆ ಗುಡ್ಡದ ಅರ್ಧದವರೆಗೆ ಹತ್ತಿ ಇಳಿಯುತ್ತಿತ್ತಂತೆ. "ಕೊಡೇ ಇಲ್ಲಿ" ಎಂದು ತಂಗಿಯ ಕೈಯಿಂದ ಫೋನು ಕಿತ್ತುಕೊಂಡ. "ಯಾರಮ್ಮಾ ನೀನು, ಮೋಡದವಳು? ನಾನು ದಾರಿ ತೋರಿಸಿದವನು. ಹೌದು, ಮುಂದೆ ಹೋದವನು ನಾನೇ. ಬರ್ಕೋ. ಅಲೆ ಎಷ್ಟೆತ್ತರ ಅಂತ ಹೇಳ್ತೀನಿ, ನಿಮ್ಮ ನಕ್ಷೆಯಲ್ಲಿ ಬರಲ್ಲ ಅದು." ಅವನ ಹಿಂದೆ ಇನ್ನೊಬ್ಬ, "ಮಾವಾ, ನನಗೊಂಚೂರು ಕೊಡಿ, ಮೊದಲ ಹೊಡೆತ ತಿಂದವನು ನಾನು." ಅವನ ಹಿಂದೆ ಮತ್ತೊಬ್ಬ. ಸಾಲು ಮೆಟ್ಟಿಲು ಇಳಿದು ಹೊರಗಿನ ಕಟ್ಟೆಯವರೆಗೆ ಹೋಯಿತು. ಒಬ್ಬೊಬ್ಬನೂ ತಾನು ಕಂಡ ಗಾಳಿಯನ್ನು ಹೇಳಿದ, ಕೈ ಬೀಸಿ ಬೀಸಿ, ಫೋನಿನಲ್ಲಿ ಕೈ ಕಾಣುತ್ತದೆ ಎಂಬಂತೆ. ಮೇಡಂ ಕೇಳುತ್ತಿದ್ದಳು, ಮತ್ತೆ ಮತ್ತೆ ಪ್ರಶ್ನೆ ಹಾಕುತ್ತಿದ್ದಳು. ಲಾಲಿ ಅಕ್ಕ ಕೂಗಿ ಕೂಗಿ ದನಿ ಒಡೆದು, ಬಾಗಿಲಿಗೆ ಒರಗಿ ಸಾಲು ಸರಿ ಮಾಡುತ್ತಿದ್ದಳು.

ಸಭೆ ಮುಗಿಸಿದ ನಿರ್ದೇಶಕರು, ಒಪ್ಪಿಗೆಯಿಲ್ಲದೆ ಕಡಲಿಗೆ ಮಾತಾಡಿದವರು ಯಾರು ಎಂದು ವಿಚಾರಿಸಲು ಆಗಿನಿಂದ ಬಂದರಿನ ಕಚೇರಿಗೆ ಫೋನು ಮಾಡುತ್ತಲೇ ಇದ್ದರಂತೆ. ಸಂಜೆಯವರೆಗೂ ಎಂಗೇಜ್.